ಹೊನ್ನು ತೊಳೆದ ನೀರು

ಜಲಗಾರನೆಂದರೆ ಇಂದಿನ ವಾಚಕರಿಗೆ ಬೀದಿಯನ್ನು ಗುಡಿಸುವವನ ನೆನಪಾಗುವುದು ಸಹಜವೇ ಸರಿ. ಕುವೆಂಪು ಅವರ ನಾಟಕವು ಆ ಅರ್ಥವನ್ನು ಕನ್ನಡ ನಾಡಿನಲ್ಲೆಲ್ಲ ನೆಲೆಗೊಳಿಸಿತು. ಆದರೆ ಈ ಶಬ್ದಕ್ಕೆ ಮತ್ತೊಂದು ಅರ್ಥವುಂಟು. ಹಳ್ಳಕೊಳ್ಳಗಳ ಮರಳನ್ನೂ ಅಕ್ಕಸಾಲಿಗರ ಅಂಗಡಿಯ ಮುಂದಣ ಧೂಳನ್ನೂ ನೀರಿನಲ್ಲಿ ತೊಳೆದು, ಅದರೊಳಗೆ ಅಡಗಿದ ಚಿನ್ನದ ಕಣಗಳನ್ನು ಬೇರ್ಪಡಿಸುವವನೂ ಜಲಗಾರನೇ. ಅಕ್ಕಸಾಲಿಗರ ಬೀದಿಯ ಕಸವನ್ನು ಗುಡಿಸಿ ತಂದು ತೊಳೆಯುತ್ತಿದ್ದವನಿಗೆ ಕಾಲಕ್ರಮದಲ್ಲಿ ಗುಡಿಸುವ ಕೆಲಸವೇ ಹೆಸರಾಗಿ ಉಳಿದು, ತೊಳೆಯುವ ಕೆಲಸವು ಮರೆತುಹೋಗಿರಬೇಕೆಂದು ತೋರುತ್ತದೆ.

ಜಲ ಶಬ್ದದಿಂದಲೇ ಈ ರೂಪವು ಹುಟ್ಟಿತೆಂದು ಸಂಸ್ಕೃತಾಭಿಮಾನಿಗಳು ಹೇಳಬಹುದು. ಆದರೆ ಅಡಿಗೆಮನೆಯಲ್ಲಿ ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲನ್ನು ಬೇರೆ ಮಾಡುವುದಕ್ಕೆ ಜಾಲಿಸುವುದೆಂಬ ಅಚ್ಚಗನ್ನಡ ಮಾತಿರುವಾಗ ಅಷ್ಟು ದೂರ ಹೋಗುವುದು ಅನಾವಶ್ಯಕ. ಕೆಲಸವೂ ಒಂದೇ ಬಗೆಯದು. ಗೃಹಿಣಿಯು ಪಾತ್ರೆಯನ್ನು ಮೆಲ್ಲನೆ ತೂಗಿದಂತೆ ಹಗುರವಾದ ಅಕ್ಕಿಯು ನೀರಿನೊಡನೆ ಎದ್ದು ಮತ್ತೊಂದು ಪಾತ್ರೆಗೆ ಹರಿಯುತ್ತದೆ. ಭಾರವಾದ ಕಲ್ಲು ತಳದಲ್ಲಿ ನಿಲ್ಲುತ್ತದೆ. ಜಲಗಾರನ ಮರಿಗೆಯಲ್ಲಿ ಹಗುರವಾದ ಮರಳು ಹರಿದುಹೋಗಿ ಭಾರವಾದ ಚಿನ್ನ ನಿಲ್ಲುತ್ತದೆ. ಗೃಹಿಣಿಗೆ ಹರಿದುದು ಬೇಕು, ನಿಂತುದು ಬೇಡ. ಜಲಗಾರನಿಗೆ ನಿಂತುದು ಬೇಕು, ಹರಿದುದು ಬೇಡ. ಆ ಬೇಡವಾದುದು ಎಲ್ಲಿಗೆ ಹೋಗಿ ಯಾರ ನೀರಿನಲ್ಲಿ ಸೇರುತ್ತದೆಂಬುದನ್ನು ಚಿನ್ನದ ಚರಿತ್ರೆಯನ್ನು ಬರೆದವರು ವಿಶೇಷವಾಗಿ ಗಮನಿಸಿದಂತಿಲ್ಲ.

ನದಿಯಲ್ಲಿ ಹೊನ್ನು ಸಿಕ್ಕುವುದೆಂಬ ತಿಳಿವಳಿಕೆಯು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಅಮರಕೋಶದಲ್ಲಿ ಬರುವ ಸುವರ್ಣದ ಪರ್ಯಾಯ ಪದಗಳಲ್ಲಿ ಜಾಂಬೂನದವೆಂಬುದೂ ಒಂದು. ಜಂಬೂನದಿಯಲ್ಲಿ ಹುಟ್ಟಿದ್ದೆಂದು ಅದರ ಅರ್ಥ. ಕೌಟಿಲ್ಯನೂ ಹೊನ್ನಿನ ಭೇದಗಳನ್ನು ಹೇಳುವಾಗ ಈ ಹೆಸರನ್ನು ಎತ್ತಿದ್ದಾನೆ. ಮಹಾಭಾರತದ ಸಭಾಪರ್ವದಲ್ಲಿ ಇರುವೆಗಳು ಅಗೆದು ತೆಗೆದ ಪಿಪೀಲಿಕವೆಂಬ ಚಿನ್ನವನ್ನು ಧರ್ಮರಾಜನಿಗೆ ಕಾಣಿಕೆಯಾಗಿ ತಂದವರ ಪ್ರಸ್ತಾಪವುಂಟು. ಅಂಥದೇ ಕಥೆ ಯವನರಲ್ಲಿಯೂ ಇದೆ. ಕಾಲ್ಕಿಸ್ ದೇಶದ ಜನರು ಕುರಿಯ ತುಪ್ಪಟವನ್ನು ಹೊಳೆಯಲ್ಲಿ ಹಾಸಿ ಅದರ ಕೂದಲಿಗೆ ಸಿಕ್ಕಿದ ಹೊನ್ನಿನ ಪುಡಿಯನ್ನು ಕೂಡಿಸುತ್ತಿದ್ದರೆಂದೂ, ಚಿನ್ನದ ತುಪ್ಪಟದ ಕಥೆಗೆ ಇದೇ ಮೂಲವೆಂದೂ ಸ್ಟ್ರಾಬೋ ಎಂಬ ಭೂಗೋಳಜ್ಞನು ಹೇಳಿದ್ದಾನೆ.

ಕನ್ನಡ ನಾಡಿನಲ್ಲಿ ಈ ಉದ್ಯೋಗಕ್ಕೆ ಹೆಸರಾದ ನೆಲವೆಂದರೆ ಗದಗಿನ ದಕ್ಷಿಣಕ್ಕೆ ಚಾಚಿದ ಕಪ್ಪತಗುಡ್ಡ. ಡಂಬಳ, ಡೋಣಿ, ಸೊರಟೂರು ಎಂಬವು ಅದರ ಆಸುಪಾಸಿನ ಊರುಗಳು. ಸೊರಟೂರನ್ನು ಚರಿತ್ರೆಯ ಅಭ್ಯಾಸಿಗಳು ಬೇರೊಂದು ಕಾರಣದಿಂದ ಬಲ್ಲರು. ೧೧೯೦ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನಿಗೂ ಸೇವುಣರ ಭಿಲ್ಲಮನಿಗೂ ಕಾಳಗವಾದುದು ಅಲ್ಲಿಯೇ. ಆ ಯುದ್ಧದ ವಿಷಯವಾಗಿ ಶಾಸನಗಳು ಮಾತನಾಡುತ್ತವೆ. ಅದೇ ಊರಿನ ಹಳ್ಳದಲ್ಲಿ ಸೊಂಟ ಬಗ್ಗಿಸಿ ಮರಳು ತೊಳೆದವರ ವಿಷಯವಾಗಿ ಮೊದಲು ಬರೆದಿಟ್ಟವರು ಹತ್ತೊಂಬತ್ತನೆಯ ಶತಮಾನದ ಆಂಗ್ಲರು. ಕ್ಯಾಪ್ಟನ್ ನ್ಯೂಬೋಲ್ಡನು ಆ ಶತಮಾನದ ಮೊದಲರ್ಧದಲ್ಲಿ ಈ ಗುಡ್ಡದ ಹೊನ್ನಿನ ವರದಿ ಮಾಡಿದನು. ಬಳಿಕ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟನು ಡಂಬಳ ಗುಡ್ಡಗಳ ಹೊನ್ನಿರುವ ಶಿಲೆಗಳನ್ನು ಕುರಿತು ೧೮೭೪ರಲ್ಲಿ ತನ್ನ ಲೇಖನವನ್ನು ಪ್ರಕಟಿಸಿದನು. ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ೧೮೬೩ರಲ್ಲಿ ಕಂಡುಹಿಡಿದವನೂ ಇವನೇ. ಜಲಗಾರರ ಹೆಸರು ಈ ಬರಹಗಳಲ್ಲಿ ಜಾಲ್ಗಾರ್ ಎಂದು ಕಾಣಬರುತ್ತದೆ.

ಜಲಗಾರನ ಸಾಧನಗಳು ಕೆಲವೇ: ಮರಳು ಕೆರೆಯುವ ಗುದ್ದಲಿ, ಮರದ ತೊಟ್ಟಿ, ಅಗಲವಾದ ಮರಿಗೆ, ಕೊನೆಗೆ ಒಂದಿಷ್ಟು ಪಾದರಸ. ಆದರೆ ಈ ಅಲ್ಪ ಸಾಧನಗಳ ಹಿಂದೆ ದೊಡ್ಡ ಜ್ಞಾನವಿರುತ್ತಿತ್ತು. ಹಳ್ಳದ ಮರಳೆಲ್ಲ ಒಂದೇ ಅಲ್ಲ. ಪ್ರವಾಹದ ವೇಗವು ಎಲ್ಲಿ ಕುಗ್ಗುವುದೋ ಅಲ್ಲಿ ಭಾರವಾದುದು ಮೊದಲು ಬೀಳುತ್ತದೆ. ಆದಕಾರಣ ಹಳ್ಳವು ತಿರುಗುವ ಕಡೆ ಒಳಮಗ್ಗುಲಿನ ದಿಬ್ಬ, ದೊಡ್ಡ ಬಂಡೆಯ ಬೆನ್ನಿನ ಹಿಂಭಾಗ, ತಳದ ಕಲ್ಲಿನ ಬಿರುಕು, ದಡದ ಹುಲ್ಲಿನ ಬೇರು ಇವೇ ಹೊನ್ನಿನ ತಾಣಗಳು. ಅಲ್ಲಿಯ ಮರಳನ್ನು ತೊಟ್ಟಿಗೆ ಸುರಿದು, ನೀರು ಹೊಯ್ಯುತ್ತ ಕೈಯಿಂದ ಕಲಕಿದರೆ ಜೇಡಿಯೂ ಬಿಳಿಯ ಮರಳೂ ಹೊರಟುಹೋಗುತ್ತವೆ. ಬಿಳಿಯ ಮರಳಿನ ಸಾಂದ್ರತೆಯು ನೀರಿನ ೨.೬೫ ಪಟ್ಟು, ಕಬ್ಬಿಣದ ಅಂಶವುಳ್ಳ ಕರಿಮರಳಿನದು ೫ ಪಟ್ಟಿಗೆ ಮೇಲೆ, ಚಿನ್ನದ್ದಾದರೋ ೧೯.೩ ಪಟ್ಟು. ಹೀಗಾಗಿ ಕಡೆಯಲ್ಲಿ ಮರಿಗೆಯೊಳಗೆ ಉಳಿಯುವುದು ಒಂದು ಹಿಡಿ ಕರಿಮರಳು, ಅದರ ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದ ಹಳದಿ ಗೆರೆ. ಪಾದರಸವನ್ನು ಹಾಕಿ ತಿಕ್ಕಿದರೆ ಅದು ಹೊನ್ನನ್ನು ನುಂಗುತ್ತದೆ. ರಸಶಾಸ್ತ್ರದಲ್ಲಿ ಈ ನುಂಗುವಿಕೆಗೆ ಗ್ರಾಸವೆಂದೇ ಹೆಸರು. ಆ ಮುದ್ದೆಯನ್ನು ಬೆಂಕಿಗೆ ಹಿಡಿದರೆ ಪಾದರಸವು ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಹೊಗೆಯು ವಿಷಮಯ, ಮೊದಲು ಅದನ್ನು ಕುಡಿಯುವವನು ಊದುಕೊಳವೆ ಹಿಡಿದವನೇ. ಇಂಥ ಸಣ್ಣ ಚಿನ್ನಗಾರಿಕೆಯಲ್ಲಿ ಪಾದರಸದ ಬಳಕೆಯನ್ನು ತಗ್ಗಿಸಬೇಕೆಂದು ಜಗತ್ತಿನ ರಾಷ್ಟ್ರಗಳು ೨೦೧೩ರಲ್ಲಿ ಮಿನಮಾಟ ಒಡಂಬಡಿಕೆಯನ್ನು ಮಾಡಿಕೊಂಡಿವೆ.

ಕಪ್ಪತಗುಡ್ಡದ ಹಳ್ಳಗಳು ಮಳೆಗಾಲದ ಹಳ್ಳಗಳು. ತುಂಬಿ ಹರಿಯುವಾಗ ಅವುಗಳಲ್ಲಿ ಕಾಲಿಡುವಂತಿಲ್ಲ. ಬತ್ತಿದ ಮೇಲೆ ತೊಳೆಯಲು ನೀರಿಲ್ಲ. ಪ್ರವಾಹವು ಇಳಿದು ಹಳ್ಳವು ಎಳೆಯಾಗಿ ಹರಿಯುವ ಕೆಲವು ವಾರಗಳು ಮಾತ್ರ ಜಲಗಾರನ ಸುಗ್ಗಿ. ಹಿಂದಿನ ಪ್ರವಾಹವು ಗುಡ್ಡವನ್ನು ಕೊರೆದು ತಂದ ಹೊಸ ಮರಳು ಅವನಿಗೆ ದೊರೆಯುವುದು. ಅವನು ಕದಡಿದ ಕೆಸರನ್ನು ಮುಂದಿನ ಪ್ರವಾಹವು ಕೊಚ್ಚಿಕೊಂಡು ಹೋಗುವುದು. ಒಬ್ಬ ಮನುಷ್ಯನ ಕೈಗಳು ಒಂದು ದಿನದಲ್ಲಿ ಎಷ್ಟು ಬುಟ್ಟಿ ಮರಳನ್ನು ತೊಳೆದಾವು? ಕೆಳಗಿನ ಊರಿನ ದನಗಳು ಕುಡಿಯುವ ಮಡುವಿಗೆ ತಲಪುವ ಮೊದಲೇ ಆ ನೀರು ತಾನಾಗಿ ತಿಳಿಯಾಗುವಷ್ಟು ಅಲ್ಪವಾಗಿತ್ತು ಅವನ ಉದ್ಯೋಗ. ಇದರಲ್ಲಿ ಜಲಗಾರನ ಪುಣ್ಯವೇನೂ ಇಲ್ಲ. ಬಡತನವೂ ಋತುಧರ್ಮವೂ ಕೂಡಿ ಹಳ್ಳವನ್ನು ಕಾಪಾಡಿದವು. ದೊಡ್ಡ ಬಂಡವಾಳಕ್ಕೆ ತಕ್ಕಷ್ಟು ಹೊನ್ನು ಅಲ್ಲಿಯ ಮರಳಿನಲ್ಲಿಲ್ಲವೆಂಬ ಕಡೆಗೇ ಫೂಟನ ಅಭಿಪ್ರಾಯವೂ ಒಲಿದಿತ್ತು.

ಬಂಡವಾಳಕ್ಕೆ ತಕ್ಕಷ್ಟು ಹೊನ್ನಿದ್ದ ಕಡೆ ಏನಾಯಿತೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯವೇ ಸಾಕ್ಷಿ. ಅಲ್ಲಿ ೧೮೪೮ರಲ್ಲಿ ಹೊನ್ನು ಕಂಡ ಮೇಲೆ ಮೊದಮೊದಲು ನಮ್ಮ ಜಲಗಾರರಂತೆಯೇ ಜನರು ಬಾಣಲೆಯಲ್ಲಿ ತೊಳೆದರು. ಅನಂತರ ಎತ್ತರದಿಂದ ನೀರನ್ನು ಕೊಳವೆಗಳಲ್ಲಿ ಇಳಿಸಿ, ಆ ಒತ್ತಡದಿಂದ ಚಿಮ್ಮುವ ಧಾರೆಯನ್ನು ಗುಡ್ಡಗಳ ಮೇಲೆ ಬಿಟ್ಟು, ಗುಡ್ಡಕ್ಕೆ ಗುಡ್ಡವನ್ನೇ ಕರಗಿಸುವ ಕ್ರಮವು ಬಂದಿತು. ಕರಗಿದುದೆಲ್ಲ ಉದ್ದನೆಯ ಮರದ ದೋಣಿಗಳಲ್ಲಿ ಹರಿದು, ಚಿನ್ನವನ್ನು ಅಲ್ಲಿ ಬಿಟ್ಟು, ಮಿಕ್ಕುದು ಯೂಬಾ ಮೊದಲಾದ ನದಿಗಳಿಗೆ ಸೇರಿತು. ನದಿಯ ತಳವು ಏರಿತು. ಹೊಲಗಳ ಮೇಲೆ ಕಲ್ಲುಮರಳು ಹರಡಿತು. ಮೇರಿಸ್‌ವಿಲ್ ಎಂಬ ಪಟ್ಟಣವು ೧೮೭೫ರಲ್ಲಿ ಪ್ರವಾಹಕ್ಕೆ ಸಿಕ್ಕಿತು. ಆ ಪಟ್ಟಣದಲ್ಲಿ ಆಸ್ತಿಯಿದ್ದ ವುಡ್‌ರಫ್ ಎಂಬವನು ನಾರ್ತ್ ಬ್ಲೂಮ್‌ಫೀಲ್ಡ್ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರನು ೧೮೮೪ರ ಜನವರಿಯಲ್ಲಿ ತೀರ್ಪಿತ್ತು, ಗಣಿಯ ಕೆಸರನ್ನು ನದಿಗೆ ಬಿಡಕೂಡದೆಂದು ನಿರ್ಬಂಧಿಸಿದನು. ಹೊನ್ನಿಗಿಂತ ಕೆಳದಂಡೆಯವನ ಹೊಲವು ಕಡಿಮೆಯದಲ್ಲವೆಂದು ಒಂದು ನ್ಯಾಯಾಸ್ಥಾನವು ಸಾರಿದ ಪ್ರಾಚೀನ ನಿದರ್ಶನಗಳಲ್ಲಿ ಇದೂ ಒಂದು. ಕೆಸರನ್ನು ತಡೆಯುವ ಅಣೆಗಳನ್ನು ಕಟ್ಟಿಕೊಂಡವರಿಗೆ ಮಾತ್ರ ಗಣಿಗಾರಿಕೆಗೆ ಅನುಮತಿ ಕೊಡುವ ಕಾನೂನು ೧೮೯೩ರಲ್ಲಿ ಬಂದಿತು. ಆದರೂ ಮೊದಲೇ ಇಳಿದಿದ್ದ ಕೆಸರು ಮಾತ್ರ ಕಾನೂನನ್ನು ಕೇಳುವುದಲ್ಲ. ಗಿಲ್ಬರ್ಟ್ ಎಂಬ ಭೂವಿಜ್ಞಾನಿಯು ೧೯೧೭ರಲ್ಲಿ ಅದರ ಮೊತ್ತವನ್ನು ಲೆಕ್ಕಹಾಕಿ, ಪನಾಮಾ ಕಾಲುವೆಗಾಗಿ ತೋಡಿದ ಮಣ್ಣಿನ ಸುಮಾರು ಎಂಟರಷ್ಟೆಂದು ತೋರಿಸಿದನು.

ಅಂದಿನಿಂದ ಹೊಳೆಮರಳಿನ ಚಿನ್ನದ ಗಣಿಗೆ ತಿಳಿಹೊಂಡವು ಅವಶ್ಯಕವಾದ ಅಂಗವಾಯಿತು. ತೊಳೆದ ಕೆಸರುನೀರನ್ನು ನಿಲ್ಲಿಸಿ, ಕೆಸರು ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಗುವಂತೆ ಮಾಡುವ ಹೊಂಡವೇ ತಿಳಿಹೊಂಡ. ಕೇಳಲು ಸುಲಭ, ಕಟ್ಟುವಾಗ ಪ್ರಕೃತಿಯ ಒಂದು ನಿಯಮವು ಅಡ್ಡ ಬರುತ್ತದೆ. ನೀರಿನಲ್ಲಿ ಸೂಕ್ಷ್ಮ ಕಣವು ಇಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂದು ಸ್ಟೋಕ್ಸ್ ಎಂಬ ಗಣಿತಜ್ಞನು ೧೮೫೧ರಲ್ಲಿ ಸಾಧಿಸಿದನು. ಅದರಂತೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಗಾತ್ರದ ಮರಳಿನ ಕಣವು ನಿಂತ ನೀರಿನಲ್ಲಿ ಒಂದು ಮೀಟರು ಇಳಿಯಲು ಎರಡು ನಿಮಿಷವೂ ಬೇಡ. ನೂರನೆಯ ಒಂದು ಪಾಲಿನ ಕಣಕ್ಕೆ ಸುಮಾರು ೩ ಗಂಟೆ ಬೇಕು. ಸಾವಿರದ ಒಂದು ಪಾಲಿನ ಜೇಡಿಯ ಕಣಕ್ಕಾದರೋ ಸುಮಾರು ೧೩ ದಿನಗಳು! ಗಾತ್ರವು ಹತ್ತನೆಯ ಒಂದು ಪಾಲಾದರೆ ಕಾಲವು ನೂರುಪಟ್ಟು ಬೆಳೆಯುವುದೆಂಬ ಈ ಲೆಕ್ಕವನ್ನು ಮರೆತವರು ಹೊಂಡ ತೋಡಿಯೂ ನದಿಯನ್ನು ಕೆಡಿಸುತ್ತಾರೆ.

ಮತ್ತೊಂದು ಭ್ರಾಂತಿಯುಂಟು. ಹೊಂಡವು ಆಳವಾದಷ್ಟೂ ಲೇಸೆಂದು ಜನರು ತಿಳಿಯುತ್ತಾರೆ. ಆಳದ ಹೊಂಡದಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುವುದು ನಿಜ. ಆದರೆ ಕಣವು ಇಳಿಯಬೇಕಾದ ದಾರಿಯೂ ಅಷ್ಟೇ ಉದ್ದವಾಗುತ್ತದೆ. ಲಾಭ ನಷ್ಟಗಳು ಸರಿಹೋಗಿ ಉಳಿಯುವುದು ಹೊಂಡದ ಹರವು ಮಾತ್ರ. ಸಾವಿರ ಚದರ ಮೀಟರಿನ ಹೊಂಡಕ್ಕೆ ಸೆಕೆಂಡಿಗೆ ೫೦ ಲೀಟರು ಕೆಸರುನೀರು ಬರುತ್ತಿದ್ದರೆ ಮೇಲೆ ಹೇಳಿದ ನೂರನೆಯ ಪಾಲಿನ ಕಣವು ಅಲ್ಲಿ ನಿಲ್ಲುತ್ತದೆ, ಸಾವಿರದ ಪಾಲಿನದು ಕೋಡಿ ದಾಟಿ ಹೋಗುತ್ತದೆ. ಆಳವನ್ನು ಇಮ್ಮಡಿ ಮಾಡಿದರೂ ಫಲ ಬೇರೆಯಾಗದು. ಆಳದ ಪ್ರಯೋಜನ ಹೂಳಿಗೆ ಜಾಗ ಕೊಡುವುದಷ್ಟೇ. ಆದುದರಿಂದ ತಿಳಿದವರು ಮೊದಲು ಒಂದು ಚಿಕ್ಕ ಹೊಂಡವನ್ನು ಮಾಡಿ ಮರಳನ್ನು ಅಲ್ಲಿಯೇ ಹಿಡಿದು, ಅದನ್ನು ಆಗಾಗ ಬರಿದು ಮಾಡುತ್ತಾರೆ. ಅದರ ಕೆಳಗೆ ಅಗಲವಾದ ಎರಡನೆಯ ಹೊಂಡ. ನೀರು ಒಳಬರುವಾಗಲೂ ಹೊರಹೋಗುವಾಗಲೂ ಒಂದೇ ಕಡೆ ನುಗ್ಗದೆ ಅಗಲಕ್ಕೆ ಹರಡಿ ಮೇಲ್ಪದರದಿಂದಲೇ ಹೊರಡಬೇಕು. ಹಳ್ಳವನ್ನು ಬೇರೆ ಕಾಲುವೆಯಲ್ಲಿ ತಿರುಗಿಸಿ ಹೊಂಡದ ಹೊರಗಿನಿಂದ ಒಯ್ಯುವುದು ಎಲ್ಲಕ್ಕಿಂತ ಮುಖ್ಯವಾದುದು. ಹಳ್ಳದ ಪಾತ್ರದಲ್ಲಿಯೇ ಹೊಂಡ ಕಟ್ಟಿದವನ ಒಂದು ವರ್ಷದ ಕೆಸರನ್ನು ಒಂದು ರಾತ್ರಿಯ ಮಳೆಯು ಊರಿಗೆ ಮುಟ್ಟಿಸಿಬಿಡುತ್ತದೆ.

ತಿಳಿಯಾದ ನೀರನ್ನು ಹೊಳೆಗೆ ಬಿಡದೆ ಪಂಪಿನಿಂದ ಮೇಲೆತ್ತಿ ಮತ್ತೆ ತೊಳೆಯಲು ಬಳಸುವುದು ಇನ್ನೂ ಉತ್ತಮವಾದ ಕ್ರಮ. ಆಗ ಹೊಳೆಯಿಂದ ತರುವುದು ಇಂಗಿ ಆವಿಯಾಗಿ ಕಡಿಮೆಯಾದಷ್ಟು ನೀರು ಮಾತ್ರ. ಇಲ್ಲಿ ಗಣಿಗಾರನ ಸ್ವಾರ್ಥವೂ ನೆರವಿಗೆ ಬರುತ್ತದೆ. ತಿಳಿಯಾಗದ ನೀರನ್ನೇ ಮತ್ತೆ ಮತ್ತೆ ಬಳಸಿದರೆ ಅದು ಗಂಜಿಯಂತೆ ದಪ್ಪವಾಗಿ, ಸಣ್ಣ ಹೊನ್ನಿನ ಕಣಗಳು ತಳಕ್ಕೆ ಇಳಿಯಲಾರದೆ ಕೆಸರಿನೊಡನೆ ಹರಿದುಹೋಗುತ್ತವೆ. ಅಂದರೆ ಲೋಭಿಗೂ ತಿಳಿನೀರೇ ಬೇಕು.

ಜೇಡಿಯ ಕಣಗಳು ಒಂದನ್ನೊಂದು ದೂಡುವ ವಿದ್ಯುದಂಶವುಳ್ಳವು. ಅದಕ್ಕಾಗಿಯೇ ಅವು ಕೂಡುವುದೂ ಇಲ್ಲ, ಇಳಿಯುವುದೂ ಇಲ್ಲ. ಇವನ್ನು ಮುದ್ದೆಗಟ್ಟಿಸುವ ಉಪಾಯವು ನಮ್ಮವರಿಗೆ ಹೊಸದಲ್ಲ. ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯ್ದು ಬಗ್ಗಡದ ನೀರನ್ನು ತುಂಬಿದರೆ ಅದು ತಿಳಿಯಾಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುವು ಧರ್ಮಾಚರಣೆಗೆ ದೃಷ್ಟಾಂತವನ್ನಾಗಿ ಕೊಟ್ಟಿರುವುದರಿಂದ, ಅವನ ಕಾಲಕ್ಕಾಗಲೇ ಇದು ಮನೆಮನೆಯ ಮಾತಾಗಿದ್ದಿರಬೇಕು. ಪಟಿಕವು ಮಾಡುವುದೂ ಇದೇ ಕೆಲಸವನ್ನು. ನೀರಿನ ತಾಣಗಳನ್ನು ಹೊಲಸು ಮಾಡಿದವರಿಗೆ ಅರ್ಥಶಾಸ್ತ್ರದಲ್ಲಿ ದಂಡವು ಹೇಳಿದೆ. ಅದೇ ಗ್ರಂಥದಲ್ಲಿ ಆಕರಾಧ್ಯಕ್ಷನೆಂಬ ಗಣಿಯ ಅಧಿಕಾರಿಯ ಪ್ರಕರಣವೂ ಉಂಟು. ಈ ಎರಡನ್ನೂ ಕೂಡಿಸಿ ಓದುವ ಪದ್ಧತಿ ಮಾತ್ರ ಬೆಳೆಯಲಿಲ್ಲ.

ಇಷ್ಟೆಲ್ಲ ದೂರದ ಸಂಗತಿಯು ಕೊಂಡಜ್ಜಿಯಂಥ ಊರಿಗೆ ಏಕೆಂದು ಕೇಳಬಹುದು. ಹರಿಹರ ತಾಲ್ಲೂಕಿನ ಈ ಗ್ರಾಮದಲ್ಲಿ ಗುಡ್ಡವೂ ಇದೆ, ಕೆರೆಯೂ ಇದೆ. ಮಳೆ ಬಿದ್ದಾಗ ಹಳ್ಳಗಳ ನೀರು ಕೆಂಪಾಗಿ ಬಂದು ಕೆರೆಯ ಅಂಗಳದಲ್ಲಿ ಹರಡಿ ನಿಂತು, ಮಣ್ಣನ್ನು ಕೆಳಗಿಳಿಸುವುದನ್ನು ಕಂಡವರಿಗೆ ತಿಳಿಹೊಂಡದ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳು ಎರಡಕ್ಕೂ ಸಮಾನ. ಭೇದವಿರುವುದು ಹೂಳಿನಲ್ಲಿ. ಕೆರೆಯ ಹೂಳನ್ನು ಬೇಸಗೆಯಲ್ಲಿ ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುವುದು ನಾಡಿನ ಹಳೆಯ ರೂಢಿ. ಪಾದರಸ ತಾಗಿದ ಹೂಳನ್ನು ಹೊಲಕ್ಕೆ ಹಾಕುವಂತಿಲ್ಲ.

ಅದಲ್ಲದೆ ಹರಿಹರದ ಮೇಲ್ದಂಡೆಯಲ್ಲಿಯೇ ಹೊನ್ನಿನ ನೆಲವಿದೆ. ಹೊನ್ನಾಳಿಯ ಹೆಸರಿನಲ್ಲಿ ಹೊನ್ನಿದೆಯೆಂದು ಜನರು ಹೇಳುವುದು ಹಾಗಿರಲಿ. ಊರಿನ ಹೆಸರುಗಳನ್ನು ನಂಬಿ ಗಣಿ ತೋಡಿದವರು ಬಹಳ ಮಂದಿ ಮುಳುಗಿದ್ದಾರೆ. ಆದರೆ ಕುದುರೆಕೊಂಡ, ಪಲವನಹಳ್ಳಿಗಳ ಕಡೆ ಬಿಳಿಗಲ್ಲಿನ ಎಳೆಗಳಲ್ಲಿ ಹೊನ್ನಿರುವುದು ನಿಜ. ಮೈಸೂರಿನ ಚಿನ್ನದ ನೆಲಗಳಲ್ಲಿ ತಾನು ಮಾಡಿದ ಸಂಚಾರವನ್ನು ಕುರಿತು ಫೂಟನು ೧೮೮೨ರಲ್ಲಿ ಬರೆದಾಗ ಹೊನ್ನಾಳಿಯ ಪ್ರದೇಶವನ್ನೂ ವಿವರಿಸಿದನು. ಕೋಲಾರದಲ್ಲಿ ಆದ ಹಾಗೆ ಇಲ್ಲಿ ದೊಡ್ಡ ಗಣಿ ಬೆಳೆಯಲಿಲ್ಲ. ಬೆಳೆದಿದ್ದರೆ ಅದರ ಕೆಳಗೆ ಇರುವ ಮೊದಲನೆಯ ದೊಡ್ಡ ಊರು ಹರಿಹರವೇ. ಹರಿಹರವೂ ದಾವಣಗೆರೆಯೂ ತುಂಗಭದ್ರೆಯ ನೀರನ್ನು ಕುಡಿಯುತ್ತವೆ. ೧೯೮೦ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆಗಳ ತ್ಯಾಜ್ಯನೀರು ನದಿಗೆ ಸೇರುವ ವಿಷಯವಾಗಿ ದಂಡೆಯ ಊರುಗಳ ಜನರು ಆಂದೋಲನ ಹೂಡಬೇಕಾಯಿತು. ಜಲಮಾಲಿನ್ಯವನ್ನು ತಡೆಯುವ ಅಧಿನಿಯಮವು ೧೯೭೪ರಲ್ಲಿಯೇ ಬಂದಿದ್ದರೂ ಆ ಆಂದೋಲನವು ಅನಿವಾರ್ಯವಾಯಿತೆಂಬುದನ್ನು ಗಮನಿಸತಕ್ಕದ್ದು.

ಕೋಲಾರದ ಮಾತು ಬೇರೆ; ಅದು ಮರಳಿನ ಗಣಿಯಲ್ಲ, ಬಂಡೆಯ ಗಣಿ. ಆದರೆ ಆರಂಭವು ಅಲ್ಲಿಯೂ ಜಾಲಿಸುವುದರಿಂದಲೇ ಆಯಿತು. ಲೆಫ್ಟಿನೆಂಟ್ ಜಾನ್ ವಾರನ್ನನು ೧೮೦೨ರಲ್ಲಿ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡನು. ೧೨೦ ಪೌಂಡು ಮಣ್ಣಿಗೆ ಒಂದು ಗ್ರೇನು ಚಿನ್ನ ದೊರೆಯಿತೆಂದು ಪ್ರಸಿದ್ಧಿ. ಅದು ಒಂದು ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಜಾನ್ ಟೇಲರ್ ಕಂಪನಿಯು ೧೮೮೦ರಲ್ಲಿ ಪ್ರವೇಶಿಸಿದ ಮೇಲೆ ಕಲ್ಲನ್ನು ಯಂತ್ರದಿಂದ ಹಿಟ್ಟು ಮಾಡಿ ಪಾದರಸದಿಂದಲೂ, ೧೮೯೦ರ ದಶಕದಿಂದ ಸಯನೈಡಿನಿಂದಲೂ ಚಿನ್ನ ತೆಗೆಯುವ ಕ್ರಮವು ನಡೆಯಿತು. ಅದಕ್ಕೆ ಬೇಕಾದ ನೀರನ್ನು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ತಂದರು. ನೀರು ಆರಿಹೋಯಿತು, ಹಿಟ್ಟು ಉಳಿಯಿತು. ಗಣಿಯು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದಾಗ ಊರಿನ ಸುತ್ತ ಮೂರು ಕೋಟಿ ಟನ್ನಿಗೂ ಮಿಗಿಲಾದ ಹಿಟ್ಟಿನ ದಿಬ್ಬಗಳು ನಿಂತಿದ್ದವು. ಗಾಳಿಯ ಕಾಲದಲ್ಲಿ ಅವು ಧೂಳಾಗಿ ಮನೆಗಳೊಳಗೆ ಬರುತ್ತವೆ. ಮಳೆಯ ಕಾಲದಲ್ಲಿ ಕೊರಕಲು ಬಿದ್ದು ಹಳ್ಳಕ್ಕೆ ಇಳಿಯುತ್ತವೆ. ಈ ೧೩ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯಬೇಕೆಂಬ ಕೇಂದ್ರದ ಯೋಜನೆಗೆ ಕರ್ನಾಟಕದ ಸಚಿವ ಸಂಪುಟವು ೨೦೨೪ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ನೆಲದ ಅಳತೆ ೧,೦೦೩.೪ ಎಕರೆ. ಅದನ್ನು ಮತ್ತೆ ತೊಳೆಯುವುದಾದರೆ ಮತ್ತೆ ನೀರು ಬೇಕು, ಮತ್ತೆ ಹೊಂಡಗಳು ಬೇಕು. ಪಾಲಾರ್ ಈಗ ವರ್ಷದ ಬಹುಭಾಗ ಒಣಗಿಯೇ ಇರುವ ನದಿ.

ಕಪ್ಪತಗುಡ್ಡವು ೨೦೧೯ರಲ್ಲಿ ವನ್ಯಜೀವಿಧಾಮವಾಯಿತು. ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಜಲಗಾರರ ತೊಟ್ಟಿಗಳು ಇಲ್ಲವಾದವು. ಪೇಟೆಗಳ ಅಕ್ಕಸಾಲಿಗರ ಬೀದಿಗಳಲ್ಲಿ ಮಾತ್ರ, ಅಂಗಡಿಗಳು ತೆರೆಯುವುದಕ್ಕೆ ಮೊದಲು, ಚರಂಡಿಯ ಕೆಸರನ್ನು ಕಬ್ಬಿಣದ ಬಾಣಲೆಗೆ ಎತ್ತಿ ತೂಗಿ ತೂಗಿ ತೊಳೆಯುವವರು ಇನ್ನೂ ಕಾಣಸಿಗುತ್ತಾರೆ. ತಳದಲ್ಲಿ ನಿಂತ ಕರಿಮರಳನ್ನು ಅವರು ಒಂದು ಡಬ್ಬಿಗೆ ತುಂಬಿಕೊಳ್ಳುತ್ತಾರೆ. ಬಾಣಲೆಯ ಅಂಚಿನಿಂದ ಚೆಲ್ಲಿದ ನೀರು ಅದೇ ಚರಂಡಿಗೆ ಹರಿಯುತ್ತದೆ.